ಯಂತ್ರದ ಮುಖ, ಮನಸ್ಸಿನ ಹೊರೆ
(ಬಾನುಲಿ ಭಾಷಣ)

ಹಾಸನದಲ್ಲಿರುವ ನನ್ನ ಅಕ್ಕನಿಗೆ ಕುಟುಂಬ ಪಿಂಚಣಿ ಬರುತ್ತದೆ. ನಮ್ಮ ಭಾವನವರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು; ಅವರು ತೀರಿಕೊಂಡು ಒಂಬತ್ತು ವರ್ಷಗಳಾದವು. ಪಿಂಚಣಿ ಪಡೆಯುವವರು ತಾವು ಬದುಕಿದ್ದೇವೆ ಎಂಬುದನ್ನು ವರ್ಷಕ್ಕೊಮ್ಮೆ ರುಜುವಾತುಪಡಿಸಬೇಕೆಂಬ ನಿಯಮ ಕೇಳುಗರಲ್ಲಿ ಅನೇಕರಿಗೆ ತಿಳಿದೇ ಇದೆ. ಹಿಂದೆಲ್ಲ ಅಕ್ಕ ನವೆಂಬರ್ ತಿಂಗಳಲ್ಲಿ ಬ್ಯಾಂಕಿಗೆ ಹೋಗಿ, ಗುಮಾಸ್ತರ ಎದುರಿಗೆ ನಿಂತು, ಕಾಗದಕ್ಕೆ ರುಜು ಹಾಕಿ ಬರುತ್ತಿದ್ದಳು. ಕಳೆದ ನವೆಂಬರಿನಲ್ಲಿ ಮಾತ್ರ ಅವಳ ಮೊಮ್ಮಗಳು, ಅಷ್ಟು ದೂರ ಏಕೆ ನಡೆಯುತ್ತೀರಿ ಅಜ್ಜಿ, ಫೋನಿನಲ್ಲಿಯೇ ಮಾಡಬಹುದು ಎಂದು ಒಮ್ಮೆ ತೋರಿಸಿಕೊಟ್ಟು ತನ್ನ ಊರಿಗೆ ಹೊರಟುಹೋದಳು.

ಅಕ್ಕ ಕನ್ನಡಕ ಹಾಕಿಕೊಂಡು ಕುಳಿತಳು. ತೆರೆಯ ಮೇಲೆ ಮೊದಲು ಇಪ್ಪತ್ತನಾಲ್ಕು ಸಣ್ಣ ಚಿತ್ರಗಳು. ಅವುಗಳಲ್ಲಿ ತನಗೆ ಬೇಕಾದುದನ್ನು ಹುಡುಕಿದ್ದಾಯಿತು. ಅನಂತರ ಆರು ಅಂಕಿಗಳ ಗುಟ್ಟಿನ ಸಂಖ್ಯೆಯೊಂದು ಬೇರೊಂದು ಜಾಗಕ್ಕೆ ಸಂದೇಶವಾಗಿ ಬಂತು. ಅದನ್ನು ನೋಡಲು ಹೋದರೆ ಮೊದಲಿನ ತೆರೆ ಮಾಯವಾಗುತ್ತಿತ್ತು. ಹಿಂತಿರುಗಿ ಬರುವಷ್ಟರಲ್ಲಿ ಅಂಕಿಗಳು ಮರೆತುಹೋಗುತ್ತಿದ್ದವು. ನಾಲ್ಕನೆಯ ಸಲ ಚೀಟಿಯೊಂದರ ಮೇಲೆ ಬರೆದುಕೊಂಡು ಗೆದ್ದಳು. ಕೊನೆಗೆ ಅವಳ ಭಾವಚಿತ್ರವನ್ನು ತೆಗೆದುಕೊಂಡು ತೆರೆ ಹಸಿರಾಯಿತು. ಎದುರಿಗೆ "ಅನಂತರ" ಎಂದು ಬರೆದಿದ್ದ ದೊಡ್ಡ ಗುಂಡಿಯೊಂದು ಹೊಳೆಯುತ್ತಿತ್ತು. ಅದನ್ನು ಒತ್ತಿ, ಕೆಲಸ ಮುಗಿಯಿತೆಂದು ಫೋನನ್ನು ಕೆಳಗಿಟ್ಟಳು. ನಿಜವಾಗಿ ಒತ್ತಬೇಕಾಗಿದ್ದುದು "ಸಲ್ಲಿಸು" ಎಂಬ ಮತ್ತೊಂದು ಗುಂಡಿಯನ್ನು. ಅದು ತೆರೆಯ ಅಂಚಿನಿಂದ ಕೆಳಗೆ, ಬೆರಳಿನಿಂದ ಮೇಲಕ್ಕೆ ಸರಿಸಿದರೆ ಮಾತ್ರ ಕಾಣುವಂತೆ, ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ಇತ್ತು.

ಡಿಸೆಂಬರಿನಲ್ಲಿ ಪಿಂಚಣಿ ಬರಲಿಲ್ಲ. ಜನವರಿಯ ಮೊದಲಲ್ಲಿಯೂ ಬರಲಿಲ್ಲ. ಸಂಕ್ರಾಂತಿಗೆಂದು ನಾನು ಹೋದಾಗ, ಔಷಧಿಯ ಅಂಗಡಿಯಲ್ಲಿ ಸಾಲ ಹೇಳಿದ್ದಾಳೆಂಬುದು ನೆರೆಯವರಿಂದ ತಿಳಿಯಿತು. ವಿಚಾರಿಸಿದರೆ ಅವಳು ಹೇಳಿದ್ದು ಇಷ್ಟು: "ಯಾರ ತಪ್ಪೂ ಅಲ್ಲ ಕಣೋ. ನನ್ನ ಬುದ್ಧೀನೇ ಮಂಕಾಗಿದೆ." ಆ ಮಾತು ನನಗೆ ಬಹಳ ನೋವು ಕೊಟ್ಟಿತು. ಏಕೆಂದರೆ ಈಕೆ ಲಕ್ಷ್ಮೀಶನ ಜೈಮಿನಿ ಭಾರತದ ನೂರಾರು ಪದ್ಯಗಳನ್ನು ಪುಸ್ತಕವಿಲ್ಲದೆ ಹೇಳಬಲ್ಲವಳು. ಐವತ್ತು ವರ್ಷ ಒಂದು ದೊಡ್ಡ ಸಂಸಾರದ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡು ನಡೆಸಿದವಳು. ಇಂಥವಳ ಬುದ್ಧಿ ಮಂಕೆಂದು ತೀರ್ಮಾನ ಕೊಡಲು ಆ ತೆರೆಗೆ ಅಧಿಕಾರ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಕೆಲವು ತಿಂಗಳು ಓದಿದೆ, ತಿಳಿದವರನ್ನು ಕೇಳಿದೆ. ಹಾಗೆ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ. ನಾನು ಕನ್ನಡ ಪಾಠ ಹೇಳಿದವನು, ಎಂಜಿನಿಯರನಲ್ಲ. ಆದರೆ ವಿಷಯ ಎಂಜಿನಿಯರರಿಗೆ ಮಾತ್ರ ಸೇರಿದುದಲ್ಲವೆಂದು ನನಗೆ ಮನವರಿಕೆಯಾಗಿದೆ.

ಯಂತ್ರದ ಒಡಲಿನಲ್ಲಿ ಏನೇ ನಡೆಯುತ್ತಿರಲಿ, ಅದು ನಮಗೆ ತೋರಿಸುವ ಒಂದು ಮುಖವಿರುತ್ತದೆ: ಗುಂಡಿ, ಸನ್ನೆ, ದೀಪ, ತೆರೆ, ಅದರ ಮೇಲಿನ ಮಾತು. ಇಂಗ್ಲಿಷಿನಲ್ಲಿ ಇದನ್ನು ಇಂಟರ್‌ಫೇಸ್ ಎನ್ನುತ್ತಾರೆ. ನಾನು ಯಂತ್ರದ ಮುಖವೆಂದೇ ಕರೆಯುತ್ತೇನೆ. ಈ ಮುಖವನ್ನು ರೂಪಿಸುವವರಿಗೆ ಒಂದು ಮುಖ್ಯವಾದ ಕರ್ತವ್ಯವಿದೆ. ಬಳಸುವವನ ಮನಸ್ಸಿನ ಮೇಲೆ ಬೇಡದ ಹೊರೆಯನ್ನು ಹೇರಬಾರದೆಂಬುದೇ ಅದು. ಈ ಕರ್ತವ್ಯಕ್ಕೆ ಆಧಾರವಾಗಿ ಮನಶ್ಶಾಸ್ತ್ರದಲ್ಲಿ ಕೆಲವು ಗಟ್ಟಿಯಾದ ಶೋಧನೆಗಳಿವೆ.

ಮೊದಲನೆಯದು ನೆನಪಿಗೆ ಸಂಬಂಧಿಸಿದ್ದು. 1956ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಬಂಧವನ್ನು ಪ್ರಕಟಿಸಿದ. ಈಗ ತಾನೆ ಕೇಳಿದ ಅಥವಾ ನೋಡಿದ ಬಿಡಿ ಸಂಗತಿಗಳಲ್ಲಿ ಸುಮಾರು ಏಳನ್ನು, ಕೆಲವರು ಒಂದೆರಡು ಹೆಚ್ಚು, ಕೆಲವರು ಒಂದೆರಡು ಕಡಿಮೆ, ಮನಸ್ಸು ಏಕಕಾಲಕ್ಕೆ ಹಿಡಿದಿಡಬಲ್ಲುದು ಎಂದು ಅವನ ಮತ. ಆಮೇಲೆ ನೆಲ್ಸನ್ ಕೋವನ್ ಎಂಬಾತ 2001ರಲ್ಲಿ ಈ ಪ್ರಯೋಗಗಳನ್ನೆಲ್ಲ ಮತ್ತೆ ಪರಿಶೀಲಿಸಿ, ಬಾಯಲ್ಲಿ ಹೇಳಿಕೊಳ್ಳುವುದೇ ಮೊದಲಾದ ಉಪಾಯಗಳನ್ನು ಕಳೆದರೆ ಆ ಸಂಖ್ಯೆ ನಾಲ್ಕರ ಆಸುಪಾಸಿಗೆ ಇಳಿಯುತ್ತದೆ ಎಂದು ತೋರಿಸಿದ. ಈ ತಾತ್ಕಾಲಿಕ ನೆನಪು ಬೊಗಸೆಯ ನೀರಿನಂತೆ. ಗಮನ ಕೊಂಚ ಅತ್ತಿತ್ತ ಸರಿದರೆ ಸೋರಿಹೋಗುತ್ತದೆ. ಇದು ವಿದ್ಯಾವಂತನಿಗೂ ಅವಿದ್ಯಾವಂತನಿಗೂ ಸಮಾನವಾದ ಮಿತಿ. ವಯಸ್ಸಾದಂತೆ ಇನ್ನಷ್ಟು ಇಳಿಯುವುದೂ ಸಹಜ.

ಹಾಗಾದರೆ ಆರು ಅಂಕಿಗಳನ್ನು ಹಿಡಿದಿಡಲಾರದ ಅಕ್ಕ ನೂರಾರು ಪದ್ಯಗಳನ್ನು ಹೇಗೆ ಹಿಡಿದಿಟ್ಟಳು? ಅದಕ್ಕೂ ಮಿಲ್ಲರನಲ್ಲಿಯೇ ಉತ್ತರವಿದೆ. ಮನಸ್ಸು ಎಣಿಸುವುದು ಬಿಡಿಗಳನ್ನಲ್ಲ, ಗುಂಪುಗಳನ್ನು. ಜೈಮಿನಿ ಭಾರತ ವಾರ್ಧಕ ಷಟ್ಪದಿಯಲ್ಲಿರುವ ಕಾವ್ಯ. ಐದೈದು ಮಾತ್ರೆಗಳ ಗಣಗಳು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ಒಂದು ಸಾಲು ಮುಗಿಯುತ್ತಿದ್ದಂತೆ ಪ್ರಾಸಾಕ್ಷರ ಮುಂದಿನ ಸಾಲನ್ನು ಕೈಹಿಡಿದು ಕರೆತರುತ್ತದೆ. ಲಯ ಕೆಟ್ಟರೆ ಪದ ತಪ್ಪಿತೆಂದು ಕಿವಿಯೇ ಹೇಳುತ್ತದೆ. ಬಾಯಿಪಾಠಕ್ಕೆಂದೇ ಬೆಳೆದುಬಂದ ಛಂದಸ್ಸು ನೆನಪಿನ ಹೊರೆಯನ್ನು ತಾನೇ ಹೊತ್ತುಕೊಂಡಿದೆ. ಗುಟ್ಟಿನ ಸಂಖ್ಯೆಗೆ ಪ್ರಾಸವೂ ಇಲ್ಲ, ಅರ್ಥವೂ ಇಲ್ಲ. ಆಧಾರ್ ಚೀಟಿಯಲ್ಲಿ ಹನ್ನೆರಡು ಅಂಕಿಗಳನ್ನು ನಾಲ್ಕು ನಾಲ್ಕಾಗಿ ಬಿಡಿಸಿ ಅಚ್ಚುಹಾಕಿರುವುದನ್ನು ನೀವು ನೋಡಿದ್ದೀರಿ. ಆ ಎರಡು ಬರಿದಾದ ಜಾಗಗಳು ಇಲ್ಲದಿದ್ದರೆ ಆ ಸಂಖ್ಯೆಯನ್ನು ತಪ್ಪಿಲ್ಲದೆ ನಕಲು ಮಾಡುವುದೇ ಕಷ್ಟವಾಗುತ್ತಿತ್ತು. ಹಾಗೆಯೇ, ಸಂದೇಶದಲ್ಲಿ ಬಂದ ಅಂಕಿಗಳನ್ನು ಫೋನು ತಾನೇ ಎತ್ತಿ ಸರಿಯಾದ ಜಾಗದಲ್ಲಿ ತುಂಬುವ ವ್ಯವಸ್ಥೆ ಈಗ ಅನೇಕ ಕಡೆ ಇದೆ. ಅಕ್ಕ ಬಳಸಿದುದರಲ್ಲಿ ಇರಲಿಲ್ಲ, ಅಷ್ಟೆ.

ಎರಡನೆಯ ಶೋಧನೆ ಹೊರೆಯ ಬಗೆಗಳನ್ನು ಕುರಿತದ್ದು. ಆಸ್ಟ್ರೇಲಿಯದ ಜಾನ್ ಸ್ವೆಲ್ಲರ್ ಎಂಬ ವಿದ್ವಾಂಸ 1988ರಿಂದ ಮುಂದಕ್ಕೆ ಇದನ್ನು ಒಂದು ಸಿದ್ಧಾಂತವಾಗಿ ಬೆಳೆಸಿದ. ವಿಷಯದಲ್ಲಿಯೇ ಇರುವ ಕಷ್ಟ ಒಂದು. ವಿಷಯವನ್ನು ಒಪ್ಪಿಸುವ ರೀತಿಯಿಂದ ಬಂದು ಸೇರುವ ಕಷ್ಟ ಇನ್ನೊಂದು. ನಾನು ಇದನ್ನು ಪರೀಕ್ಷೆಯ ಕೊಠಡಿಯಲ್ಲಿ ಕಂಡಿದ್ದೇನೆ. ಪಂಪಭಾರತದ ಒಂದು ಪದ್ಯವನ್ನು ಅರ್ಥೈಸುವುದು ಕಷ್ಟ. ಅದು ನ್ಯಾಯವಾದ ಕಷ್ಟ, ವಿದ್ಯಾರ್ಥಿ ಅದನ್ನು ಪಟ್ಟೇ ಬೆಳೆಯಬೇಕು. ಆದರೆ ಪ್ರಶ್ನೆ ಮೊದಲ ಪುಟದಲ್ಲಿ, ಪದ್ಯ ನಾಲ್ಕನೆಯ ಪುಟದಲ್ಲಿ, ಅಚ್ಚು ಮಸುಕು, ಎಷ್ಟು ಪ್ರಶ್ನೆಗಳಿಗೆ ಉತ್ತರಿಸಬೇಕೆಂಬ ಸೂಚನೆ ಎರಡು ಅರ್ಥ ಕೊಡುವಂಥದು ಎಂದಾದರೆ, ಅದು ಅನ್ಯಾಯದ ಕಷ್ಟ. ಎರಡೂ ಎಳೆದುಕೊಳ್ಳುವುದು ಅದೇ ಬೊಗಸೆಯ ನೀರನ್ನು. ಹೊರಗಿನ ಕಷ್ಟಕ್ಕೆ ಸುರಿದು ಮುಗಿದ ಮೇಲೆ ವಿಷಯಕ್ಕೆ ಉಳಿಯುವುದು ಕಡಿಮೆ. ಒಳ್ಳೆಯ ವಿನ್ಯಾಸವೆಂದರೆ ಎರಡನೆಯ ಬಗೆಯ ಹೊರೆಯನ್ನು ಹುಡುಕಿ ತೆಗೆಯುವುದು.

ಇಂಥ ವಿನ್ಯಾಸದ ಅಗತ್ಯ ಜಗತ್ತಿಗೆ ಬಲವಾಗಿ ಮನದಟ್ಟಾದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಬಿ-17 ಎಂಬ ಬಾಂಬರ್ ವಿಮಾನಗಳು ಕ್ಷೇಮವಾಗಿ ನೆಲಕ್ಕಿಳಿದ ಮೇಲೆ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ರೆಕ್ಕೆಯ ಫ್ಲ್ಯಾಪುಗಳನ್ನು ಮೇಲೆತ್ತಬೇಕಾದ ಪೈಲಟ್ಟು ತಪ್ಪಿ ಚಕ್ರಗಳನ್ನೇ ಮೇಲೆತ್ತಿಬಿಡುತ್ತಿದ್ದ. ಪೈಲಟ್ಟಿನ ಅಜಾಗರೂಕತೆ ಎಂದು ದಾಖಲೆಯಾಗುತ್ತಿತ್ತು. ಆಲ್ಫೋನ್ಸ್ ಷಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞ ವಿಮಾನದೊಳಗೆ ಹೋಗಿ ಕುಳಿತು ನೋಡಿದ. ಎರಡು ಕೆಲಸಗಳಿಗೂ ಒಂದೇ ಆಕಾರದ ಸ್ವಿಚ್ಚುಗಳು, ಅಕ್ಕಪಕ್ಕದಲ್ಲಿ. ದಣಿದು ಬಂದ ಮನುಷ್ಯನ ಕೈ ಕತ್ತಲಲ್ಲಿ ಅವುಗಳ ನಡುವೆ ವ್ಯತ್ಯಾಸವನ್ನು ಹೇಗೆ ಕಾಣಬೇಕು? ಷಪಾನಿಸ್ ಒಂದರ ತುದಿಗೆ ರಬ್ಬರಿನ ಪುಟ್ಟ ಚಕ್ರವನ್ನೂ ಇನ್ನೊಂದರ ತುದಿಗೆ ಫ್ಲ್ಯಾಪಿನಂಥ ಬೆಣೆಯನ್ನೂ ಸಿಕ್ಕಿಸುವ ಉಪಾಯ ಹೇಳಿದ. ಮುಟ್ಟಿದೊಡನೆ ಕೈಗೇ ತಿಳಿಯಿತು, ಅವಘಡಗಳು ನಿಂತವು. ಪೈಲಟ್ಟುಗಳ ಬುದ್ಧಿಯನ್ನು ಯಾರೂ ತಿದ್ದಿರಲಿಲ್ಲ. ತಿದ್ದಿದುದು ಸ್ವಿಚ್ಚನ್ನು.

ಇದಕ್ಕಾಗಿ ವಿಮಾನವನ್ನೇ ಹತ್ತಬೇಕಾಗಿಲ್ಲ. ನಮ್ಮ ಮನೆಯ ನಡುಮನೆಯಲ್ಲಿ ಒಂದೇ ಹಲಗೆಯ ಮೇಲೆ ಆರು ಸ್ವಿಚ್ಚುಗಳಿವೆ. ಹನ್ನೆರಡು ವರ್ಷಗಳಿಂದ ಅದೇ ಮನೆಯಲ್ಲಿರುವ ನಾನು ಫ್ಯಾನು ಹಾಕಲು ಹೋಗಿ ಜಗಲಿಯ ದೀಪ ಹಾಕುತ್ತೇನೆ. ದೀಪಗಳು ಸೂರಿನಲ್ಲಿ ಹರಡಿಕೊಂಡಿವೆ. ಸ್ವಿಚ್ಚುಗಳು ಗೋಡೆಯಲ್ಲಿ ಸಾಲಾಗಿ ನಿಂತಿವೆ. ಎರಡಕ್ಕೂ ಕಣ್ಣಿಗೆ ಕಾಣುವ ಸಂಬಂಧವಿಲ್ಲ. ಅದೇ ನಮ್ಮ ಅಡುಗೆಮನೆಯ ಎರಡು ಉರಿಗಳ ಗ್ಯಾಸಿನ ಒಲೆಯನ್ನು ನೋಡಿ. ಎಡದ ತಿರುಪು ಎಡದ ಉರಿಗೆ, ಬಲದ್ದು ಬಲದ ಉರಿಗೆ. ಅದನ್ನು ಯಾರಿಗೂ ಯಾರೂ ಕಲಿಸಬೇಕಾಗಿಲ್ಲ. ನಾಲ್ಕು ಉರಿಗಳನ್ನು ಚೌಕವಾಗಿಟ್ಟು ತಿರುಪುಗಳನ್ನು ಮಾತ್ರ ಒಂದೇ ಸಾಲಿನಲ್ಲಿಟ್ಟ ಒಲೆಯಲ್ಲಿ ಈ ಸುಖವಿಲ್ಲ. ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ಪ್ರಾಧ್ಯಾಪಕ 1988ರಲ್ಲಿ ಬರೆದ ದಿನಬಳಕೆಯ ವಸ್ತುಗಳ ಮನಶ್ಶಾಸ್ತ್ರವನ್ನು ಕುರಿತ ಗ್ರಂಥದಲ್ಲಿ ಒಲೆ, ಸ್ವಿಚ್ಚು, ಬಾಗಿಲುಗಳನ್ನೇ ಎತ್ತಿಕೊಂಡು ಈ ತತ್ತ್ವವನ್ನು ವಿವರಿಸಿದ್ದಾನೆ. ವಸ್ತುವಿನ ರೂಪವೇ ಬಳಕೆಯನ್ನು ತಿಳಿಸುವುದಾದರೆ ತಲೆಯಲ್ಲಿ ಇಟ್ಟುಕೊಳ್ಳಬೇಕಾದುದು ಕಡಿಮೆಯಾಗುತ್ತದೆ.

ಇನ್ನೊಂದು ಮುಖ್ಯವಾದ ಭೇದವಿದೆ: ನೆನೆಯುವುದು ಬೇರೆ, ಗುರುತಿಸುವುದು ಬೇರೆ. ಹಳೆಯ ವಿದ್ಯಾರ್ಥಿಯೊಬ್ಬ ಎದುರಿಗೆ ಬಂದರೆ ಮುಖವನ್ನು ಕೂಡಲೆ ಗುರುತಿಸುತ್ತೇನೆ. ಅವನ ಹೆಸರನ್ನು ನೆನೆಯಲು ಒದ್ದಾಡುತ್ತೇನೆ. ಮೊದಮೊದಲಿನ ಕಂಪ್ಯೂಟರುಗಳು ಹೆಸರನ್ನು ಕೇಳುವಂಥವು. ಯಾವ ಆಜ್ಞೆಯನ್ನು ಯಾವ ಅಕ್ಷರಗಳಲ್ಲಿ ಕೊಡಬೇಕೆಂದು ಬಳಸುವವನು ಬಾಯಿಪಾಠ ಮಾಡಿರಬೇಕು. ಜೆರಾಕ್ಸ್ ಸಂಸ್ಥೆ 1981ರಲ್ಲಿ ಹೊರತಂದ ಸ್ಟಾರ್ ಎಂಬ ಯಂತ್ರ, ಆ್ಯಪಲ್ ಸಂಸ್ಥೆ 1983ರಲ್ಲಿ ತಂದ ಲೀಸಾ, 1984ರಲ್ಲಿ ತಂದ ಮ್ಯಾಕಿಂಟಾಷ್, ಇವು ಕಡತ, ಕಾಗದ, ಕಸದ ಬುಟ್ಟಿಗಳ ಚಿತ್ರಗಳನ್ನೂ ಆಯ್ಕೆಗಳ ಪಟ್ಟಿಯನ್ನೂ ಕಣ್ಣೆದುರಿಗೆ ತಂದು ನಿಲ್ಲಿಸಿದವು. ಬಳಸುವವನು ನೆನೆಯಬೇಕಾಗಿಲ್ಲ, ನೋಡಿ ಗುರುತಿಸಿದರೆ ಸಾಕು. ಇಂದು ನಮ್ಮ ಜೇಬಿನಲ್ಲಿರುವ ಫೋನುಗಳೂ ಆ ವಂಶಕ್ಕೇ ಸೇರಿದವು.

ನೆನೆಯಲೇಬೇಕಾದ ಸಂದರ್ಭಗಳೂ ಇವೆ. ಆಗ ಹೊರೆಯನ್ನು ಅಳೆದು ಹೊರಿಸಬೇಕು. ಹಣ ಕೊಡುವ ಯಂತ್ರವೊಂದು 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡಿನಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ಗೋಡೆಯಲ್ಲಿ ಕೆಲಸ ಆರಂಭಿಸಿತು. ಅದನ್ನು ರೂಪಿಸಿದವರು ಜಾನ್ ಷೆಫರ್ಡ್-ಬ್ಯಾರನ್. ಹುಟ್ಟಿದುದು ನಮ್ಮ ಷಿಲಾಂಗಿನಲ್ಲಿ, 1925ರಲ್ಲಿ. ಈ ಬಗೆಯ ಯಂತ್ರದ ಕರ್ತೃತ್ವಕ್ಕೆ ಬೇರೆ ಹಕ್ಕುದಾರರೂ ಇದ್ದಾರೆ, ಅದಿರಲಿ. ಅವರೇ ಹೇಳಿಕೊಂಡಿರುವಂತೆ, ಗುಟ್ಟಿನ ಸಂಖ್ಯೆ ಆರು ಅಂಕಿಗಳದಾಗಿರಲೆಂದು ಅವರು ಮೊದಲು ಯೋಚಿಸಿದ್ದರು. ಅಡುಗೆಮನೆಯ ಮೇಜಿನ ಬಳಿ ಹೆಂಡತಿಯನ್ನು ಕೇಳಿದಾಗ, ತನಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರುವುದಿಲ್ಲವೆಂದು ಆಕೆ ಹೇಳಿದರು. ನಾಲ್ಕು ಎಂದಾಯಿತು. ಆ ಹೆಂಗಸು ತನ್ನ ಬುದ್ಧಿ ಮಂಕೆಂದು ಹೇಳಿಕೊಂಡು ಸುಮ್ಮನಾಗಲಿಲ್ಲ, ಗಂಡ ಅವರ ಮಾತನ್ನು ತಳ್ಳಿಹಾಕಲೂ ಇಲ್ಲ. ಇವೆರಡೂ ಗಮನಿಸಬೇಕಾದ ಸಂಗತಿಗಳು.

ಹಾಗಾದರೆ ಹೊರೆಯನ್ನು ಇಳಿಸಿದಾಗ ಅದು ಎಲ್ಲಿಗೆ ಹೋಗುತ್ತದೆ? ಮಾಯವಾಗುವುದಿಲ್ಲ ಎನ್ನುತ್ತಾನೆ ಲ್ಯಾರಿ ಟೆಸ್ಲರ್. ಬರಹದ ತುಂಡನ್ನು ಕತ್ತರಿಸಿ ಇನ್ನೊಂದೆಡೆ ಅಂಟಿಸುವ ಕ್ರಮವನ್ನು ಕಂಪ್ಯೂಟರಿಗೆ ತಂದವರಲ್ಲಿ ಪ್ರಮುಖನಾದ ಈತ 2020ರಲ್ಲಿ ತೀರಿಕೊಂಡ. ಪ್ರತಿಯೊಂದು ಕೆಲಸದಲ್ಲಿಯೂ ಕಳೆಯಲಾಗದ ಒಂದಿಷ್ಟು ಜಟಿಲತೆ ಇದ್ದೇ ಇರುತ್ತದೆ. ಅದನ್ನು ಹೊರುವವರು ಯಾರು, ಬಳಸುವವರೋ ಮಾಡುವವರೋ, ಎಂಬುದಷ್ಟೆ ಪ್ರಶ್ನೆ ಎಂದು ಅವನ ವಾದ. ಒಂದು ಲೆಕ್ಕ ಹಾಕೋಣ. ಹತ್ತು ಲಕ್ಷ ಜನ ಬಳಸುವ ತೆರೆಯೊಂದು ಒಬ್ಬೊಬ್ಬರ ಒಂದೊಂದು ನಿಮಿಷವನ್ನು ವ್ಯರ್ಥಮಾಡಿದರೆ, ಒಟ್ಟು ಹದಿನಾರು ಸಾವಿರ ಗಂಟೆಗಳಿಗೂ ಮಿಕ್ಕುತ್ತದೆ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದರೆ ಒಬ್ಬ ಮನುಷ್ಯನ ಸುಮಾರು ಏಳು ವರ್ಷಗಳ ದುಡಿಮೆ. ಅದನ್ನು ಉಳಿಸಲು ತಯಾರಕನು ಒಂದು ತಿಂಗಳು ಹೆಚ್ಚು ದುಡಿದರೆ ನಷ್ಟವೇನು?

ಇದಕ್ಕೆ ಕನ್ನಡದಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. ನಮ್ಮ ಲಿಪಿಯಲ್ಲಿ ವ್ಯಂಜನಕ್ಕೆ ಸ್ವರ ಸೇರಿ, ಒತ್ತು ಸೇರಿ ಉಂಟಾಗುವ ರೂಪಗಳು ಸಾವಿರಾರು. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಷ್ಟು ಕೀಲಿಗಳಿಗೆ ಎಡೆಯಿಲ್ಲ. ಆದುದರಿಂದ ಅಕ್ಷರದ ಮೈ, ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಂದು ತುಂಡುತುಂಡಾಗಿ ಜೋಡಿಸಬೇಕಾಗಿತ್ತು. ಬೆರಳಚ್ಚುಗಾರನ ಮನಸ್ಸು ಮಾತಿನ ಮೇಲಿರದೆ ಆಕಾರದ ಮೇಲಿರಬೇಕಾಗಿತ್ತು. ಕೆ. ಪಿ. ರಾವ್ ಅವರು ಕಂಪ್ಯೂಟರಿಗಾಗಿ ರೂಪಿಸಿದ ಕೀಲಿಮಣೆ ಈ ಕ್ರಮವನ್ನು ತಲೆಕೆಳಗು ಮಾಡಿತು. ಅದರಲ್ಲಿ ನಾವು ಒತ್ತುವುದು ಆಕಾರಗಳನ್ನಲ್ಲ, ಉಚ್ಚಾರವನ್ನು. ಕಕಾರದ ಕೀಲಿ, ಅನಂತರ ಆಕಾರದ ಕೀಲಿ. ಇಳಿ ಎಲ್ಲಿ ಹತ್ತಬೇಕೆಂಬುದನ್ನು ಯಂತ್ರ ನೋಡಿಕೊಳ್ಳುತ್ತದೆ. ಒತ್ತಕ್ಷರವನ್ನು ಎಲ್ಲಿ ಇಳಿಸಬೇಕು, ಎಷ್ಟು ಕಿರಿದಾಗಿಸಬೇಕು ಎಂಬುದೂ ಅದರ ಪಾಲಿನ ಕೆಲಸ. ಕಾಗುಣಿತ ಕಲಿತ ಮಗುವಿಗೆ ತಿಳಿದಿರುವುದೇ ಇಲ್ಲಿ ಸಾಕು. ನುಡಿ ತಂತ್ರಾಂಶದಲ್ಲಿ ಈ ವಿನ್ಯಾಸವೇ ಬಂದಿತು, ರಾಜ್ಯ ಸರ್ಕಾರದ ಮನ್ನಣೆಯೂ ದೊರೆಯಿತು. ನಿವೃತ್ತಿಗೆ ಹತ್ತಿರವಾದ ವಯಸ್ಸಿನಲ್ಲಿ ನಾನು ಟೈಪು ಮಾಡುವುದನ್ನು ಕಲಿತುದು ಇದರಿಂದ. ಒಂದು ವಾರ ಹಿಡಿಯಿತು. ಆ ಒಂದು ವಾರದ ಹಿಂದೆ ಇನ್ನೊಬ್ಬರ ಅನೇಕ ವರ್ಷಗಳ ಚಿಂತನೆ ಇದ್ದುದರಿಂದಲೇ ಅದು ಒಂದು ವಾರದಲ್ಲಿ ಮುಗಿಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಸರಳವೆಂದರೆ ಚಿಕ್ಕದು ಎಂದು ಹಲವರು ಭಾವಿಸುತ್ತಾರೆ. ಇದು ನಿಜವಲ್ಲವೆಂದು ವ್ಯಾಕರಣ ಓದಿದವರಿಗೆ ಗೊತ್ತು. ಪಾಣಿನಿಯ ಸೂತ್ರಗಳಿಗಿಂತ ಚಿಕ್ಕ ಬರಹ ಇನ್ನಾವುದಿದೆ? ಒಂದೊಂದು ಸೂತ್ರವೂ ಹಿಂದಿನ ಸೂತ್ರಗಳಿಂದ ಪದಗಳನ್ನು ಎರವಲು ಪಡೆಯುತ್ತದೆ. ಅವನ್ನೆಲ್ಲ ನೆನಪಿನಲ್ಲಿಟ್ಟುಕೊಂಡವನಿಗೆ ಮಾತ್ರ ಅದು ಅರ್ಥ ಕೊಡುತ್ತದೆ. ಪಂಡಿತನಿಗೆ ಅದು ಅನುಕೂಲ, ಹೊಸಬನಿಗೆ ಕಗ್ಗಂಟು. ನಮ್ಮ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕಂದಪದ್ಯಗಳಲ್ಲಿ ಸೂತ್ರ ಹೇಳಿ, ಅವಕ್ಕೆ ವೃತ್ತಿಯನ್ನೂ ಉದಾಹರಣೆಗಳನ್ನೂ ತಾನೇ ಒದಗಿಸಿದ. ಓದುವವನ ಕಷ್ಟವನ್ನು ಅವನು ಬಲ್ಲ. ಇಂದಿನ ತೆರೆಗಳ ಮೇಲೆ ಮೂರು ಅಡ್ಡಗೆರೆಗಳು, ಮೂರು ಚುಕ್ಕೆಗಳು, ಒಂದು ಹಲ್ಲುಚಕ್ರ ಇವೇ ಮೊದಲಾದ ಚಿಹ್ನೆಗಳು ವೃತ್ತಿಯಿಲ್ಲದ ಸೂತ್ರಗಳಂತೆ ಕುಳಿತಿವೆ. ತೆರೆ ಚೊಕ್ಕಟವಾಗಿ ಕಾಣುತ್ತದೆ. ಹೊರೆ ಮಾತ್ರ ನೋಡುವವನ ತಲೆಗೆ ಏರಿದೆ. ಚಿಹ್ನೆಯ ಕೆಳಗೆ ಒಂದು ಮಾತು ಬರೆದರೆ ಜಾಗ ಕೆಡುವುದಿಲ್ಲ.

ಆದರೆ ಯಾವ ಮಾತು? ಇಲ್ಲಿ ನನ್ನಂಥವರ ತಪ್ಪೂ ಇದೆಯೆಂದು ಒಪ್ಪಿಕೊಳ್ಳಬೇಕು. ಪಾರಿಭಾಷಿಕ ಪದಗಳನ್ನು ನಿಶ್ಚಯಿಸುವ ಸಮಿತಿಯೊಂದರಲ್ಲಿ ಕೆಲವು ವರ್ಷ ನಾನೂ ಕುಳಿತಿದ್ದೆ. ಶುದ್ಧವಾಗಿದೆಯೇ ಎಂದು ನೋಡುತ್ತಿದ್ದೆವೇ ಹೊರತು, ಸಂತೆಯಿಂದ ಬಂದವನಿಗೆ ತಿಳಿಯುತ್ತದೆಯೇ ಎಂದು ಯಾರನ್ನೂ ಕರೆದು ಕೇಳಲಿಲ್ಲ. ಅಕ್ಕನನ್ನು ತಪ್ಪುದಾರಿಗೆ ಎಳೆದ "ಅನಂತರ" ಎಂಬ ಮಾತನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ "ಲೇಟರ್" ಎಂದಿದ್ದುದನ್ನು ಯಾರೋ ಹಾಗೆ ಕನ್ನಡಿಸಿದ್ದಾರೆ. ಈಗ ಬೇಡ, ಇನ್ನೊಂದು ದಿನ ನೋಡೋಣ ಎಂದು ಅವರ ಇಂಗಿತ. ಅಕ್ಕ ಅದನ್ನು ಮುಂದಿನ ಹಂತ ಎಂದು ತಿಳಿದಳು. ಅಂತರವಿಲ್ಲದುದು, ಒಡನೆಯೇ ಬರುವುದು, ಇದೇ ಆ ಶಬ್ದದ ಮೂಲಾರ್ಥ. ವ್ಯಾಕರಣದ ದೃಷ್ಟಿಯಿಂದ ನೋಡಿದರೆ ನನ್ನ ಅಕ್ಕನದೇ ಸರಿಯಾದ ಓದು. "ಈಗ ಬೇಡ" ಎಂದು ಬರೆದಿದ್ದರೆ ಎರಡು ತಿಂಗಳ ಪಿಂಚಣಿ ನಿಲ್ಲುತ್ತಿರಲಿಲ್ಲ.

ಇಂಥ ಅಕ್ಕ, ಇದುವರೆಗೆ ಒಂದು ಚುನಾವಣೆಯಲ್ಲಿಯೂ ಯಾರ ನೆರವನ್ನೂ ಬೇಡದೆ ಮತ ಹಾಕಿ ಬಂದವಳು. ಅಲ್ಲಿಯೂ ಇರುವುದು ಯಂತ್ರವೇ ತಾನೆ? 1951-52ರ ಮೊದಲ ಮಹಾಚುನಾವಣೆಯಲ್ಲಿ ಮತದಾರರು 17 ಕೋಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಓದು ಬರಹ ಬಾರದವರು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆಯಿಟ್ಟು, ಅದರ ಮೇಲೆ ಚಿಹ್ನೆಯನ್ನು ಅಂಟಿಸಿದರು. ಚೀಟಿಯ ಮೇಲೆ ಏನನ್ನೂ ಬರೆಯಬೇಕಾಗಿರಲಿಲ್ಲ. ಮೆಚ್ಚಿದ ಚಿಹ್ನೆಯ ಪೆಟ್ಟಿಗೆಯಲ್ಲಿ ಹಾಕಿದರೆ ಆಯಿತು. ಮತಯಂತ್ರ 1982ರಲ್ಲಿ ಕೇರಳದ ಪರವೂರು ಕ್ಷೇತ್ರದಲ್ಲಿ ಮೊದಲು ಬಳಕೆಗೆ ಬಂತು. 2004ರ ಲೋಕಸಭಾ ಚುನಾವಣೆ ಇಡೀ ದೇಶದಲ್ಲಿ ಅದರ ಮೂಲಕವೇ ನಡೆಯಿತು. ಈ ಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಅದರ ಮುಖವನ್ನು ನೆನಪಿಗೆ ತಂದುಕೊಳ್ಳಿ. ಹೆಸರು, ಚಿಹ್ನೆ, ಅದರ ಪಕ್ಕದಲ್ಲಿಯೇ ನೀಲಿ ಗುಂಡಿ. ಒತ್ತಿದರೆ ಅಲ್ಲಿಯೇ ಕೆಂಪು ದೀಪ ಹೊತ್ತುತ್ತದೆ. ಉದ್ದನೆಯ ಸದ್ದೊಂದು ಕೇಳುತ್ತದೆ. ಈಗೀಗ ಪಕ್ಕದ ಗಾಜಿನ ಹಿಂದೆ ಚೀಟಿಯೊಂದು 7 ಸೆಕೆಂಡು ಕಾಣಿಸಿಕೊಂಡು ಬೀಳುತ್ತದೆ. ಕೆಲಸ ಆಯಿತೋ ಇಲ್ಲವೋ ಎಂಬ ಸಂಶಯ ಉಳಿಯುವುದಿಲ್ಲ. ಅಕ್ಕನ ಫೋನಿನ ತೆರೆ ಹಸಿರಾದುದು ಕೆಲಸ ಮುಗಿಯುವ ಮೊದಲೇ; ಮುಗಿಯಲಿಲ್ಲವೆಂಬುದನ್ನು ಅದು ಹೇಳಲೇ ಇಲ್ಲ.

ಹಾಗೆಂದು ಎಲ್ಲ ಶ್ರಮವನ್ನೂ ತೆಗೆದುಹಾಕಬೇಕೆಂದು ನನ್ನ ವಾದವಲ್ಲ. ಹಣ ಕೈಬಿಟ್ಟು ಹೋಗುವ ಕಡೆ ಮನುಷ್ಯ ಒಂದು ಕ್ಷಣ ನಿಲ್ಲಬೇಕು. 2016ರಲ್ಲಿ ಬಂದ ಯುಪಿಐ ಪದ್ಧತಿ ಖಾತೆ ಸಂಖ್ಯೆ, ಬ್ಯಾಂಕಿನ ಹನ್ನೊಂದು ಅಕ್ಷರಗಳ ಸಂಕೇತ ಇವುಗಳ ತಾಪತ್ರಯವನ್ನು ಕಳೆದು ತರಕಾರಿ ಮಾರುವವರಿಗೂ ಬಹಳ ಉಪಕಾರ ಮಾಡಿತು. ಆದರೆ ಅದರಲ್ಲಿಯೇ, ಇನ್ನೊಬ್ಬನಿಂದ ಹಣ ಕೋರುವ ಸೌಲಭ್ಯವೊಂದು ಇತ್ತು. ನಿಮಗೆ ಹಣ ಬಂದಿದೆ, ಗುಟ್ಟಿನ ಸಂಖ್ಯೆ ಒತ್ತಿ ಪಡೆದುಕೊಳ್ಳಿ ಎಂದು ವಂಚಕರು ನಂಬಿಸಿದರು. ಒತ್ತಿದವರ ಹಣವೇ ಹೋಯಿತು. ವ್ಯಕ್ತಿ ವ್ಯಕ್ತಿಗಳ ನಡುವಣ ಆ ಸೌಲಭ್ಯವನ್ನು 2025ರ ಅಕ್ಟೋಬರಿನಿಂದ ನಿಲ್ಲಿಸಲಾಯಿತು. ಹಣ ಪಡೆಯಲು ಗುಟ್ಟಿನ ಸಂಖ್ಯೆ ಬೇಡ, ಕೊಡಲು ಮಾತ್ರ ಬೇಕು. ಈ ಮಾತನ್ನು ಕೇಳುಗರು ದಯವಿಟ್ಟು ಮನೆಯವರಿಗೆಲ್ಲ ಹೇಳಿಡಿ.

ಇನ್ನು ಹೊರೆಯನ್ನು ಬೇಕೆಂದೇ ಹೊರಿಸುವವರೂ ಉಂಟು. "ಬೇಕು" ಎಂಬುದಕ್ಕೆ ಹೊಳೆಯುವ ಗುಂಡಿ, "ಬೇಡ" ಎಂಬುದಕ್ಕೆ ಕಾಣದ ಮೂಲೆ. ಚಂದಾ ಸೇರಲು ಒಂದೇ ಹೆಜ್ಜೆ, ಬಿಡಲು ಹತ್ತು. ಇಂಥ ತಂತ್ರಗಳಿಗೆ ಹ್ಯಾರಿ ಬ್ರಿಗ್ನಲ್ ಎಂಬ ಆಂಗ್ಲ ವಿನ್ಯಾಸಕಾರ 2010ರಲ್ಲಿ "ಡಾರ್ಕ್ ಪ್ಯಾಟರ್ನ್" ಎಂದು ಹೆಸರಿಟ್ಟ. ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ. ಸೋಮಾರಿತನದಿಂದ ಆದ ಕೆಟ್ಟ ವಿನ್ಯಾಸಕ್ಕೂ ಮೋಸಕ್ಕೆಂದು ಮಾಡಿದ ವಿನ್ಯಾಸಕ್ಕೂ ಉದ್ದೇಶದಲ್ಲಿ ಅಂತರವಿದೆ. ಕಳೆದುಕೊಂಡವರಿಗೆ ಆ ಅಂತರ ತಿಳಿಯುವುದಿಲ್ಲ.

ಪರಿಹಾರ ದುಬಾರಿಯಾದುದೇನೂ ಅಲ್ಲ. ಯಂತ್ರದ ಮುಖವನ್ನು ಮಾಡಿದವರು ಅದನ್ನು ಬಳಸಬೇಕಾದ ನಾಲ್ಕೈದು ಜನರ ಪಕ್ಕದಲ್ಲಿ ಕುಳಿತು, ಬಾಯಿ ತೆರೆಯದೆ, ಅವರು ಎಲ್ಲಿ ತಡವರಿಸುತ್ತಾರೆಂದು ನೋಡಬೇಕು. ಬಾಯಿ ತೆರೆಯದಿರುವುದೇ ಕಷ್ಟ. ಅದು ಮೇಷ್ಟರಾದ ನನಗೂ ಗೊತ್ತು. ತರಗತಿಯಲ್ಲಿ ಒಬ್ಬ ಹುಡುಗ ಒಂದು ಪ್ರಶ್ನೆಯಲ್ಲಿ ಎಡವಿದರೆ ಅವನು ಓದಿಲ್ಲವೆನ್ನಬಹುದು. ಅದೇ ಪ್ರಶ್ನೆಯಲ್ಲಿ ಇಡೀ ತರಗತಿ ಎಡವಿದರೆ ಪ್ರಶ್ನೆಯನ್ನು ತಿದ್ದಬೇಕು, ಇಲ್ಲವೆ ಪಾಠವನ್ನು ತಿದ್ದಬೇಕು. ಈ ನ್ಯಾಯವನ್ನು ಯಂತ್ರಗಳಿಗೆ ನಾವು ಇನ್ನೂ ಅನ್ವಯಿಸಿಲ್ಲ.

ಮರುದಿನ ಅಕ್ಕನನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಅಲ್ಲಿನ ಗುಮಾಸ್ತೆ, ಚಿಕ್ಕ ವಯಸ್ಸಿನ ಹುಡುಗಿ, ಎರಡು ನಿಮಿಷಗಳಲ್ಲಿ ಕೆಲಸ ಮುಗಿಸಿ, ಬಾಕಿ ಹಣ ಮುಂದಿನ ತಿಂಗಳು ಬರುತ್ತದೆ ಅಜ್ಜಿ, ಎಂದಳು, ಹಾಗೆಯೇ ಬಂತು. "ಈ ವಾರದಲ್ಲಿ ಇದೇ ತೊಂದರೆ ಅಂತ ಬಂದೋರಲ್ಲಿ ನೀವು ಏಳನೆಯವರು" ಎಂದೂ ಅವಳು ಹೇಳಿದಳು. ಹೊರಗೆ ಬಂದ ಮೇಲೆ ಅಕ್ಕ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಳು. "ಏಳು ಜನಾನೂ ಮಂಕಾಗಿರೋಲ್ಲ, ಅಲ್ಲವೇನೋ?" ಎಂದು ಕೇಳಿದಳು. "ಇಲ್ಲ ಅಕ್ಕ" ಎಂದೆ. ಆಟೋದಲ್ಲಿ ಮನೆಗೆ ಬರುವಾಗ ಬಹಳ ದಿನಗಳ ಮೇಲೆ ಅವಳು ಚಂದ್ರಹಾಸನ ಕಥೆಯ ಪದ್ಯವೊಂದನ್ನು ಗುನುಗಿದಳು. ಒಂದು ಪದವೂ ತಪ್ಪಲಿಲ್ಲ.